ಕ್ಯಾಮೆರಾಕ್ಕೆ ಹಚ್ಚಿದ ಕುಂಕುಮ

ಮೊದಲು ಹೇಸಿಗೆ ಆಗುವುದು ನನ್ನ ಕೊರಳಲ್ಲಿ ತೂಗುವ ಈ ಕಾರ್ಡಿನ ಮೇಲೆ. ಜಗತ್ತಿಗೇ ಹೆಸರಾದ ಸಾಫ್ಟ್‌ವೇರ್ ಕಂಪನಿಯ ಕಾರ್ಡು. ಸಿರುಗುಪ್ಪದಲ್ಲಿ ನಮ್ಮವ್ವ ಅದರ ಫೋಟೊವನ್ನು ಓಣಿಗೆಲ್ಲ ತೋರಿಸಿಕೊಂಡು ಬಂದಿದ್ದಾಳೆ. ಬಳ್ಳಾರಿ ಬಸ್ ನಿಲ್ದಾಣದ ಹಿಂದೆ, ಎರಡನೇ ಮಹಡಿಯಲ್ಲಿ ನಮ್ಮ ಆಫೀಸು. 'ನಾಳೆಯನ್ನು ಕಟ್ಟುವವರು ನಾವು' ಎಂದು ಗೋಡೆ ತುಂಬ ಬರೆಸಿದ್ದಾರೆ. ಥೂ, ನನ್ನ ಕುರ್ಚಿ ಆ ಗೋಡೆಗೇ ಎದುರು.

ಇರಲಿ, ಹೇಳಹೊರಟಿದ್ದು ಹನುಮಕ್ಕನ ಕಥೆ. ಹನುಮಮ್ಮ ಅಂತ ಹೆಸರು, ನಾನು ಕರೆಯುವುದು ಹನುಮಕ್ಕ ಅಂತ. ಕುರುಗೋಡಿನಿಂದ ಮದುವೆಯಾಗಿ ಬಳ್ಳಾರಿಗೆ ಬಂದ ವರ್ಷವೇ ಜೀನ್ಸ್ ಹೊಲಿಯಲು ಕೂತವಳು. ಇಪ್ಪತ್ತೆರಡು ವರ್ಷವಾಯಿತು, ಅದೇ ವಿರೂಪಾಕ್ಷಪ್ಪನ ಯೂನಿಟ್, ಕಿಟಕಿ ಪಕ್ಕದ ಅದೇ ಮಷೀನು. ಪ್ಯಾಂಟಿಗೆ ಸೊಂಟದ ಪಟ್ಟಿ ಕೂರಿಸುವುದು ಅವಳ ಕೆಲಸ. ನಾಲ್ಕು ಪದರ ದಪ್ಪ ಬಟ್ಟೆ ಒಟ್ಟಿಗೆ ಬಂದಾಗ ಬೇರೆಯವರ ಸೂಜಿ ಪಟಕ್ಕನೆ ಮುರಿಯುತ್ತದೆ. ಇವಳು ಹೆಬ್ಬೆರಳಿನಿಂದ ಒಂಚೂರು ಒತ್ತಿ, ಕಾಲು ಹಗುರ ಮಾಡಿ, ದಾಟಿಸಿಬಿಡುತ್ತಾಳೆ. ಹೇಗೆ ಅಂತ ಕೇಳಿದರೆ, "ನನಗೇನು ಗೊತ್ತವಾ, ಕೈಯನ್ನ ಕೇಳು" ಎನ್ನುತ್ತಾಳೆ. ಗಂಡ ಬೆನ್ನು ನೋವೆಂದು ಹಾಸಿಗೆ ಹಿಡಿದು ಆರು ವರ್ಷ. ಇಬ್ಬರು ಹೆಣ್ಣುಮಕ್ಕಳು ಕಾಲೇಜಿಗೆ ಹೋಗುತ್ತಿರುವುದು ಆ ಹೆಬ್ಬೆರಳಿನಿಂದ. ಅವಳ ಮನೆಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೇನೆ. ನನಗೆ ಜ್ವರ ಬಂದಾಗ ಗಂಜಿ ಕಾಸಿಕೊಟ್ಟವಳೂ ಅವಳೇ.

ಆ ಹೆಬ್ಬೆರಳೇ ನಮ್ಮ ಕಂಪನಿಗೆ ಬೇಕಾಗಿತ್ತು. ಬಟ್ಟೆ ಹೊಲಿಯುವ ಯಂತ್ರದ ಕೈಗಳನ್ನು ತಯಾರಿಸುತ್ತಿದ್ದಾರೆ. ಅವು ಕಲಿಯಬೇಕಾದರೆ ಮನುಷ್ಯರ ಕೈ ನೋಡಬೇಕು. ಅದಕ್ಕೆ ವಿರೂಪಾಕ್ಷಪ್ಪನ ಯೂನಿಟ್ಟಿನ ಮೂವತ್ತು ಹೆಂಗಸರ ಹಣೆಗೆ ಪಟ್ಟಿ ಕಟ್ಟಿ, ಅದರಲ್ಲೊಂದು ಪುಟ್ಟ ಕ್ಯಾಮೆರಾ ಕೂರಿಸಿದರು. ವಿಡಿಯೊ ನನ್ನ ಕಂಪ್ಯೂಟರಿಗೆ ಬರುತ್ತದೆ. ಇಲ್ಲಿ ಒತ್ತಿದಳು, ಇಲ್ಲಿ ತಿರುಗಿಸಿದಳು, ಇಷ್ಟು ಹೊತ್ತು ಹಿಡಿದಳು ಎಂದು ಗುರುತು ಹಾಕುವುದು ನನ್ನ ಕೆಲಸ. ಯಂತ್ರ ಕಲಿತ ಮೇಲೆ ಆ ಮೂವತ್ತು ಜನರ ಗತಿ ಏನು ಎಂದು ತಿಳಿಯಲು ಇಂಜಿನಿಯರಿಂಗ್ ಓದಬೇಕಿಲ್ಲ.

ಹನುಮಕ್ಕ ನನ್ನನ್ನೇ ಕೇಳಿದಳು. "ಏನವಾ ಮೇಘಾ, ಇದು ಯಾತಕ?"

"ನಿಮ್ಮ ಕುತ್ತಿಗಿ ನೋವು, ಕಣ್ಣು ನೋವು ಯಾಕ ಬರ್ತಾವು ಅಂತ ನೋಡಾಕ ಅಕ್ಕ" ಎಂದುಬಿಟ್ಟೆ. ಹಾಗೆ ಹೇಳಲು ಕಲಿಸಿದವನು ನಮ್ಮ ಟೀಮ್ ಲೀಡರ್ ದುರ್ಗೇಶ್. ಹೇಳಿದ ನಾಲಿಗೆ ಮಾತ್ರ ನನ್ನದು.

ಅಮಾವಾಸ್ಯೆ ಬಂತು. ಆ ದಿನ ಮಷೀನುಗಳಿಗೆ ಪೂಜೆ ಮಾಡುವುದು ಯೂನಿಟ್ಟಿನ ರೂಢಿ. ಮರುದಿನ ಹನುಮಕ್ಕನ ವಿಡಿಯೊ ತೆರೆದರೆ ಎಲ್ಲ ಕೆಂಪು ಮಸುಕು, ಅದರಾಚೆ ಎರಡು ಕೈಗಳ ನೆರಳು. ಮೂರು ದಿನ ಹಾಗೇ ಬಂತು. ಕ್ಯಾಮೆರಾ ಕೆಟ್ಟಿರಬೇಕೆಂದು ನಾನೇ ಹೋದೆ. ನೋಡಿದರೆ, ಗಾಜಿನ ಮೇಲೆ ವಿಭೂತಿ ಎಳೆದು ನಟ್ಟನಡುವೆ ಕುಂಕುಮ ಹಚ್ಚಿದ್ದಾಳೆ ಪುಣ್ಯಾತ್ಗಿತ್ತಿ!

"ಅದೂ ದುಡಿಮಿ ಸಾಮಾನಲ್ಲೇನು?" ಅಂದಳು. "ನಮ್ಮ ನೋವು ನೋಡೋ ಕಣ್ಣು ಅಂದಿ. ಅದನ್ನ ಬರೇ ಹಣಿಲೆ ಬಿಡಾಕ ಆಕ್ಕೈತೇನವಾ?"

ನಗು ಬರಬೇಕಿತ್ತು. ಬರಲಿಲ್ಲ. ಒರೆಸಲು ತಂದಿದ್ದ ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ನಿಜ ಹೇಳಿಬಿಟ್ಟೆ.

ಅವಳ ಮಷೀನು ನಿಂತಿತು. "ಥೂ ನಿನ್ನ! ನನ್ನ ಮನ್ಯಾಗ ಉಂಡು ನನ್ನ ಕೈ ಕದ್ದು ಕೊಟ್ಟೆಲ್ಲ! ಕುರುಗೋಡು ಬಸವಣ್ಣನ ಆಣಿ, ನೀ ಹೀಂಗ ಅಂತ ಗೊತ್ತಿದ್ರ ಮೆಟ್ಲು ಹತ್ತಾಕ ಬಿಡ್ತಿರಲಿಲ್ಲ ನಾನು." ಇನ್ನೂ ಬೈದಳು. ಬೈಸಿಕೊಂಡೆ. ಆಮೇಲೆ ಅವಳು ಡ್ರಾಯರಿನಿಂದ ಕುಂಕುಮದ ಭರಣಿ ತೆಗೆದು ಗಾಜಿಗೆ ಮತ್ತಷ್ಟು ಮೆತ್ತಿ, ಭರಣಿಯನ್ನು ಪಕ್ಕದವಳ ಕಡೆ ದಾಟಿಸಿದಳು.

ಮಾರನೇ ದಿನದಿಂದ ಮೂವತ್ತು ಕ್ಯಾಮೆರಾಕ್ಕೂ ದಿನಾ ಪೂಜೆ. ವಿರೂಪಾಕ್ಷಪ್ಪ ಓಡಿಬಂದ. "ಯಾಕ್ರವ್ವಾ, ಅಮಾಸಿ ಮುಗೀತಲ್ಲ?"

"ಪೂಜಿ ಬ್ಯಾಡ ಅಂತ ನಿಮ್ಮ ಬಾಯಿಂದ ಅನ್ರಿ ಸಾವ್ಕಾರ್ರ, ಬಿಡ್ತೀವಿ" ಅಂದಳು ಹನುಮಕ್ಕ.

ಬಾಗಿಲ ಮೇಲೆ ಐದು ದೇವರ ಪಟ ತೂಗುಹಾಕಿಕೊಂಡ ಮನುಷ್ಯ, ಹೇಗೆ ಅಂದಾನು? ತಲೆ ಕೆರೆದುಕೊಂಡು ಹೋದ. ಎರಡು ವಾರ ನಮ್ಮ ಆಫೀಸಿಗೆ ಬಂದದ್ದೆಲ್ಲ ಕೆಂಪು. ಒಂದೊಂದನ್ನೂ 'ಉಪಯೋಗವಿಲ್ಲ' ಎಂದು ತಳ್ಳುತ್ತ ನಾನು ಒಳಗೊಳಗೇ ಕುಣಿದೆ. ಹನುಮಕ್ಕನೂ ನನ್ನ ಜೊತೆ ಮತ್ತೆ ಮಾತು ಶುರು ಮಾಡಿದಳು.

ಹದಿನೈದನೇ ದಿನ ದುರ್ಗೇಶ್ ನನ್ನ ಮೇಜಿಗೆ ಬಂದ, ಮುಖ ಅರಳಿಸಿಕೊಂಡು.

"ಮೇಘಾ, ಕೆಂಪು ವಿಡಿಯೊ ಒಂದೂ ಬಿಸಾಕಬ್ಯಾಡ್ರಿ. ಮ್ಯಾಲಿನವ್ರಿಗೆ ಭಾಳ ಖುಷಿ ಆಗೈತಿ. ಫ್ಯಾಕ್ಟರಿ ಅಂದ್ರ ಧೂಳು, ಎಣ್ಣಿ ಇರಾದ ಅಲ್ಲೇನ್ರಿ? ಇಂಥ ಮಸುಕಿನ್ಯಾಗ ನೋಡಾಕ ಕಲಿತ್ರ ಯಂತ್ರ ಇನ್ನೂ ಗಟ್ಟಿ ಆಕ್ಕೈತಂತ. ಆ ಹನುಮಮ್ಮನ ಕೈ ನಿಮಗ ಚಲೋ ಗೊತ್ತೈತಲ್ಲ, ನೀವ ಗುರುತು ಹಾಕ್ರಿ."

ಬೇರೆ ಯಾರಿಗೂ ಆ ಕೆಂಪಿನಲ್ಲಿ ಏನೂ ಕಾಣುತ್ತಿರಲಿಲ್ಲ. ನನಗೆ ಕಂಡಿತು. ಮಣಿಕಟ್ಟಿನ ನೆರಳು ಒಂಚೂರು ಇಳಿದರೆ ಹೆಬ್ಬೆರಳು ಒತ್ತುತ್ತಿದೆ ಎಂದು ಅರ್ಥ. ಕಾರ್ಡು ಕಿತ್ತು ದುರ್ಗೇಶನ ಮುಖಕ್ಕೆ ಎಸೆದೆ ಎಂದು ಬರೆದಿದ್ದರೆ ಚೆನ್ನಾಗಿರುತ್ತಿತ್ತು. ಎಸೆಯಲಿಲ್ಲ. ಊಟದ ಹೊತ್ತಿಗೆ ನಲವತ್ತು ಗುರುತು ಹಾಕಿದ್ದೆ. ನನ್ನ ಕೈ ನೋಡಿ ನನಗೇ ಹೇಸಿಗೆ ಆಯಿತು, ಆ ಕೈಯಿಂದಲೇ ಡಬ್ಬಿ ಬಿಚ್ಚಿ ಉಂಡೆ.

ಸಂಜೆ ಮೆಟ್ಟಿಲ ಬಳಿ ಹನುಮಕ್ಕ ಕಾಯುತ್ತಿದ್ದಳು, ಕೈಯಲ್ಲಿ ಕುಂಕುಮದ ಭರಣಿ.

"ಹೆಂಗೈತಿ ನಮ್ಮ ಪೂಜಿ? ಏನರ ಕಾಣ್ತೈತೇನ ಅವ್ರಿಗೆ?"

"ಏನೂ ಕಾಣಂಗಿಲ್ಲಕ್ಕ."

"ಅಂದು ಬೈದಿದ್ದು ಮನಸಿನ್ಯಾಗ ಇಟ್ಕೋಬ್ಯಾಡವಾ. ನೀ ಹೇಳಿದ್ದಕ್ಕ ಉಳಿದ್ವಿ" ಎಂದು ನಕ್ಕು, ಭರಣಿಗೆ ಹೆಬ್ಬೆರಳು ಅದ್ದಿ ನನ್ನ ಹಣೆಗೆ ಒತ್ತಿದಳು. ಅದು ಎಷ್ಟು ಹೊತ್ತು ಒತ್ತುತ್ತದೆ, ಯಾವಾಗ ಬಿಡುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ಇಡೀ ದಿನ ಅದನ್ನೇ ಗುರುತು ಹಾಕಿ ಬಂದಿದ್ದೆ.