ಮೈಕ್ ಮೊದಲು ಎನ್ನುವ ಶಿವಲಿಂಗಮ್ಮ

ಬೆಳಗಿನ ಆರೂವರೆ. ಸಿಂಗಸಂದ್ರದ ಮೇಲ್ಸೇತುವೆ ಕೆಳಗೆ ಹೆಡ್‌ಫೋನ್ ಹಾಕಿಕೊಂಡ ಐವತ್ತೆರಡರ ಹೆಂಗಸೊಬ್ಬರು, ಟೀ ಅಂಗಡಿಯ ನರೇಶನ ಅಂಗಿಗೆ ಪುಟ್ಟ ಮೈಕ್ ಸಿಕ್ಕಿಸುತ್ತಿದ್ದಾರೆ. ಪಕ್ಕದಲ್ಲೇ ಕಂಪನಿ ಬಸ್ಸು, ಕಾಂಕ್ರೀಟ್ ಲಾರಿಗಳ ಹಾರನ್ನು.

"ಏನಾದ್ರೂ ಮಾತಾಡಣ್ಣ."

"ಏನ್ ಮಾತಾಡ್ಲಕ್ಕಾ?"

"ಆಲಿನ್ ರೇಟ್ ಬಗ್ಗೆ ಏಳು."

ನರೇಶ ಹಾಲಿನ ದರ ಏರಿದ್ದನ್ನು ಬಯ್ಯುತ್ತಾನೆ. ಹೆಂಗಸು ಅದನ್ನು ಮತ್ತೆ ಹಾಕಿ ಕೇಳಿ ಮುಖ ಸಿಂಡರಿಸುತ್ತಾರೆ. "ಇದ್ರಲ್ಲಿ ಲಾರಿ ಕೇಳುಸ್ತದೆ, ನೀನ್ ಕೇಳ್ಸಲ್ಲ." ಆ ಮೈಕ್ ಡಬ್ಬಿಗೆ ವಾಪಸ್. ಇನ್ನೊಂದು ಹೊರಬರುತ್ತದೆ.

ಇವರು ಶಿವಲಿಂಗಮ್ಮ, ಆನೇಕಲ್ ರಸ್ತೆಯ ಸರ್ಕಾರಿ ಕಾಲೇಜೊಂದರ ಪತ್ರಿಕೋದ್ಯಮ ವಿಭಾಗದ ಅಟೆಂಡರ್. ಓದಿದ್ದು ಎಸ್ಸೆಸ್ಸೆಲ್ಸಿ. ಹದಿನಾಲ್ಕು ವರ್ಷದಿಂದ ಕ್ಯಾಮೆರಾ ಬೀರುವಿನ ಕೀಲಿ ಇವರ ಸೊಂಟದಲ್ಲಿದೆ. ನಲವತ್ತೆರಡು ವಿದ್ಯಾರ್ಥಿಗಳಿಗೆ ಎರಡು ಕ್ಯಾಮೆರಾ, ಒಂದು ಟ್ರೈಪಾಡ್. ಅದರ ಮುರಿದ ಕಾಲಿಗೆ ಸೈಕಲ್ ಟ್ಯೂಬು ಸುತ್ತಿದವರೂ ಇವರೇ. ಲೆನ್ಸಿಗೆ ಬೂಷ್ಟು ಹಿಡಿಯಬಾರದೆಂದು, ಶೂ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನು ಕಂಡಕಂಡವರ ಹತ್ತಿರ ಕೇಳಿ ತಂದು ಬೀರುವಿನಲ್ಲಿಡುತ್ತಾರೆ.

ಆ ಎರಡರಲ್ಲಿ ದೊಡ್ಡ ಕ್ಯಾಮೆರಾದ ಕಥೆ ಕೇಳಿದರೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಬಂದ ವರ್ಷದ ಆಯುಧಪೂಜೆಯಲ್ಲೇ, ಭಕ್ತಿ ಉಕ್ಕಿದ ಮೇಷ್ಟ್ರೊಬ್ಬರು ಲೆನ್ಸಿನ ಗಾಜಿನ ನಟ್ಟನಡುವೆ ಕುಂಕುಮ ಇಟ್ಟರು. ಇನ್ನೊಬ್ಬರು ಕರ್ಚೀಫಿನಲ್ಲಿ ತಿಕ್ಕಿ ತಿಕ್ಕಿ ಒರೆಸಿದರು. ಅಂದಿನಿಂದ ಅದು ತೆಗೆದ ಮುಖಗಳೆಲ್ಲ ಮಬ್ಬು.

"ಗಾಜಿಗ್ ಬ್ಯಾಡಿ, ಬಾಡಿಗ್ ಇಡಿ ಅಂತ ಬಡ್ಕೊಂಡೆ ಸಾರ್. ಅಟೆಂಡರ್ ಮಾತು ಯಾರ್ ಕೇಳ್ತಾರೆ?" ಎಂದು, ತಮ್ಮ ಬಗ್ಗೆ ಬರೆಯಲು ಬಂದ ನನ್ನೆದುರು ಗೊಣಗುತ್ತಾರೆ.

ಈಗ ಮೂರು ವರ್ಷದ ನಂತರ ಹೊಸ ಸಲಕರಣೆಗೆಂದು ಎಂಬತ್ತು ಸಾವಿರ ರೂಪಾಯಿ ಬಂದಿದೆ. ಖರೀದಿ ಸಮಿತಿಗೆ ಮತ್ತೆ ದೊಡ್ಡ ಕ್ಯಾಮೆರಾನೇ ಬೇಕಂತೆ, ಕಾಲೇಜಿಗೊಂದು ಗತ್ತು ಬರುತ್ತದಂತೆ! ಶಿವಲಿಂಗಮ್ಮನ ಪಟ್ಟಿಯೇ ಬೇರೆ. ಮೊದಲು ಎರಡು ಒಳ್ಳೆಯ ಕಾಲರ್ ಮೈಕ್, ಗಟ್ಟಿ ಟ್ರೈಪಾಡ್, ಹೆಚ್ಚಿನ ಬ್ಯಾಟರಿ; ಉಳಿದಿದ್ದರಲ್ಲಿ ಸಣ್ಣದೊಂದು ಕ್ಯಾಮೆರಾ. ಸಭೆ ಇವತ್ತೇ ಹನ್ನೊಂದಕ್ಕೆ. ಅದಕ್ಕೇ ಪರಿಚಯದ ಅಂಗಡಿಯಿಂದ ಒಂದು ದಿನದ ಮಟ್ಟಿಗೆ ಮೈಕ್ ಕೇಳಿ ತಂದಿದ್ದಾರೆ.

ಈ ಹಟಕ್ಕೆ ಕಾರಣ ಮುದುಕವ್ವ ಎಂಬವರು. ರಾಯಚೂರು ಕಡೆಯಿಂದ ಬಂದು ಸರ್ಜಾಪುರದಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದ ಹೆಂಗಸು. ಕಳೆದ ತಿಂಗಳು ವಿದ್ಯಾರ್ಥಿನಿ ಕೃಪಾಳ ಚಿಕ್ಕ ಕ್ಯಾಮೆರಾ ಮುಂದೆ ಇಪ್ಪತ್ತು ನಿಮಿಷ ಮಾತಾಡಿದರು, ನಡುವೆ ಅತ್ತರು. ಆ ಕಡೆಯ ಮಾತು ಕೃಪಾಳಿಗೆ ಅರ್ಧ ತಿಳಿಯಲಿಲ್ಲ; ಕಾಲೇಜಿನಲ್ಲಿ ಯಾರಿಗಾದರೂ ಕೇಳಿಸಿ ಬರೆದುಕೊಂಡರಾಯಿತು ಅಂದುಕೊಂಡಳು. ಬಂದು ಹಾಕಿದರೆ ಬರೀ ಕಾಂಕ್ರೀಟ್ ಮಿಕ್ಸರಿನ ಸದ್ದು. ಮತ್ತೆ ಹೋದಾಗ ಶೆಡ್ ಖಾಲಿ, ಕೆಲಸ ಮುಗಿಸಿ ಎಲ್ಲರೂ ಬೇರೆಡೆಗೆ ಹೊರಟುಹೋಗಿದ್ದರು.

ಸಭೆಯಲ್ಲಿ ಅಟೆಂಡರಿಗೆ ಕುರ್ಚಿ ಇಲ್ಲ. ಶಿವಲಿಂಗಮ್ಮ ಎಲ್ಲರಿಗೂ ಟೀ ಕೊಟ್ಟು, ಯಾರೂ ಕೇಳದಿದ್ದರೂ ಲ್ಯಾಪ್‌ಟಾಪ್ ತೆರೆದು ಮುದುಕವ್ವನ ವಿಡಿಯೊ ಹಾಕುತ್ತಾರೆ.

"ಪಿಕ್ಚರ್ ಚೆನ್ನಾಗಿದೆಯಲ್ಲಮ್ಮ," ಎನ್ನುತ್ತಾರೆ ಪ್ರಿನ್ಸಿಪಾಲ್ ಚನ್ನವೀರಪ್ಪ.

"ಆಯಮ್ಮ ಏನಂದ್ಲು ಸಾರ್?"

ಪ್ರಿನ್ಸಿಪಾಲರು ಲ್ಯಾಪ್‌ಟಾಪಿಗೆ ಕಿವಿ ಕೊಡುತ್ತಾರೆ; ಬರೀ ಮಿಕ್ಸರಿನ ಸದ್ದು. ಆಮೇಲೆ ಎರಡನೇ ಮೈಕಿನಲ್ಲಿ ಹಿಡಿದ ನರೇಶನ ಮಾತು ಹಾಕುತ್ತಾರೆ. ಅಷ್ಟು ಲಾರಿಗಳ ನಡುವೆಯೂ ಅವನ ಒಂದೊಂದು ಬೈಗುಳವೂ ಸ್ಪಷ್ಟ. ಚನ್ನವೀರಪ್ಪನವರು ಕನ್ನಡಕ ತೆಗೆದು ಒರೆಸಿ, ದೊಡ್ಡ ಕ್ಯಾಮೆರಾದ ಸಾಲಿನ ಮೇಲೆ ಗೀಟು ಎಳೆದು, ಮೈಕ್ ಎಂದು ಬರೆಯುತ್ತಾರೆ. ಸಲಹೆ ಕೊಟ್ಟವರು ಯಾರೆಂಬಲ್ಲಿ ಫೈಲಿನಲ್ಲಿ 'ವಿಭಾಗ' ಎಂದು ಬರೆಯಲಾಗುತ್ತದೆ. ಹೆಸರು ಬರೆಯಲು ಸಮಿತಿಯವರ ಗಂಟೇನು ಹೋಗುತ್ತಿತ್ತೋ ಎಂದು ನನಗೆ ಮೈ ಉರಿಯುತ್ತದೆ. ಶಿವಲಿಂಗಮ್ಮ ಆಗಲೇ ಟೀ ಲೋಟ ಎತ್ತುತ್ತಿದ್ದಾರೆ.

ಈಗಲಾದರೂ ಸಮಾಧಾನವಾಯಿತೇ ಎಂದು ವರಾಂಡದಲ್ಲಿ ಕೇಳಿದರೆ ನನ್ನ ಮೇಲೇ ರೇಗುತ್ತಾರೆ.

"ಏನ್ ಸಮಾಧಾನ ಸಾರ್? ಅಳ್ತಾ ಅಳ್ತಾ ಅಷ್ಟೊತ್ತು ಏಳುದ್ಲು ಆಯಮ್ಮ. ನಾವು ಕೇಳುಸ್ಕೊಂಡೇ ಇಲ್ವಲ್ಲ! ಮೈಕ್ ಬರ್ಲಿ. ಎಲ್ಲಿದ್ರೂ ಉಡುಕ್ಸಿ, ನಾನೇ ಓಗಿ, ಇನ್ನೊಂದ್ ಸಲ ಏಳವ್ವ ಅಂತ ಕೇಳ್ತೀನಿ."