ಗೌರಮ್ಮನವರು ಹೊತ್ತುಕೊಂಡ ನನ್ನ ತಪ್ಪು

ಗೌರಮ್ಮನವರೇ, ನಿಮ್ಮ ಮೊಮ್ಮಗು ಹೋದದ್ದು ನಿಮ್ಮಿಂದಲ್ಲ, ನನ್ನಿಂದ. ಒಂಬತ್ತು ವರ್ಷ ಇದನ್ನು ನುಂಗಿಕೊಂಡು ಕೂತೆ. ಬಾಯಿಬಡುಕಿ ಎಂದು ಎರಡೂ ಮನೆಯಲ್ಲಿ ಹೆಸರಾದವಳು — ಇದೊಂದು ವಿಷಯದಲ್ಲಿ ಮಾತ್ರ ತುಟಿ ಹೊಲಿದುಕೊಂಡೆ.

ನನ್ನ ಮಗಳು ಸವಿತಾ ನಿಮ್ಮ ಸೊಸೆಯಾಗುವ ಮೊದಲೇ ಅವಳ ಹೃದಯ ಕೆಟ್ಟಿತ್ತು. ಹನ್ನೊಂದನೇ ವಯಸ್ಸಿನಲ್ಲಿ ಗಂಟಲು ನೋವು ಬಂತು, ಆಮೇಲೆ ಕೀಲು ಊದಿತು, ಕೊನೆಗೆ ಅದು ಹೃದಯದ ಕವಾಟಕ್ಕೆ ಇಳಿಯಿತು. ಮೂರು ವಾರಕ್ಕೊಮ್ಮೆ ಸೊಂಟಕ್ಕೆ ಇಂಜೆಕ್ಷನ್. ಕೇಳಿದವರಿಗೆಲ್ಲ ರಕ್ತ ಕಮ್ಮಿ, ಶಕ್ತಿಗೆ ಕೊಡಿಸುತ್ತೇನೆ ಎನ್ನುತ್ತಿದ್ದೆ. ನೀವು ಹೆಣ್ಣು ನೋಡಿ ಒಪ್ಪಿಕೊಂಡು ಹೋದ ವಾರ ಆಸ್ಪತ್ರೆಯ ಚೀಟಿಗಳನ್ನೆಲ್ಲ ಬಚ್ಚಲೊಲೆಗೆ ಹಾಕಿದೆ. ಇಂಜೆಕ್ಷನ್ನೂ ಅಲ್ಲಿಗೇ ನಿಂತಿತು. "ಆ ಮನೇಲಿ ಇದರ ಸುದ್ದಿ ಎತ್ಬೇಡ" ಎಂದು ಸವಿತಾಳಿಂದ ಆಣೆ ಮಾಡಿಸಿಕೊಂಡೆ. ಬಸುರಿಯಾದ ಮೇಲೂ ಆ ಆಣೆ ಮುರಿಯಲು ಬಿಡಲಿಲ್ಲ. ತಿಂಗಳ ತಪಾಸಣೆಯಲ್ಲಿ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಒಳ್ಳೆಯ ಸಂಬಂಧ ಕೈತಪ್ಪೀತು ಎಂಬ ಭಯ ಎಂದು ಬರೆಯಹೊರಟೆ — ಭಯಕ್ಕಿಂತ ಆಸೆಯೇ ಹೆಚ್ಚಿತ್ತು, ಹೇಳಿಬಿಡುತ್ತೇನೆ.

ಸೀಮಂತದ ದಿನ, ಕುಂಬಾರಕೊಪ್ಪಲಿನ ನಿಮ್ಮ ನಡುಮನೆಯಲ್ಲಿ — ಏಳು ತಿಂಗಳ ಬಸುರಿ, ಮೈತುಂಬ ರೇಷ್ಮೆ, ತಲೆತುಂಬ ಹೂವು, ಮಣೆಯ ಮೇಲೆ ಕೂತು ಒಂದು ಗಂಟೆಯ ಮೇಲಾಗಿತ್ತು. "ಅತ್ತೆ, ಉಸಿರು ಕಟ್ತಾ ಇದೆ" ಎಂದಳು. ನೀವು, "ಇನ್ನೊಂದೇ ಆರತಿ ಕಣಮ್ಮ, ತಡ್ಕೋ" ಎಂದಿರಿ. ಬಸುರಿಯರಿಗೆ ಏದುಸಿರು ಇದ್ದದ್ದೇ ಎಂದುಕೊಂಡಿರಿ; ಅದರಲ್ಲಿ ತಪ್ಪೇನಿತ್ತು? ಆ ಉಸಿರಿನ ಅರ್ಥ ಅವಳನ್ನು ಬಿಟ್ಟರೆ ಗೊತ್ತಿದ್ದದ್ದು ನನಗೊಬ್ಬಳಿಗೇ. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಲ್ಲಿದ್ದೆವು. ಅವಳ ತುಟಿ ನೀಲಿಗಟ್ಟಿತ್ತು, ಮಾತು ಹೊರಡುತ್ತಿರಲಿಲ್ಲ. ಮಗುವಿನ ಎದೆಬಡಿತ ಇಳಿಯುತ್ತಿದೆ, ಈಗಲೇ ಆಪರೇಷನ್ ಮಾಡಿ ತೆಗೆಯಬೇಕು ಎಂದ ಡಾಕ್ಟರು ನನ್ನ ಕಡೆ ತಿರುಗಿ, "ಮೊದ್ಲಿಂದ ಹಾರ್ಟ್ ತೊಂದ್ರೆ ಏನಾದ್ರೂ ಇತ್ತಾಮ್ಮ? ಅರಿವಳಿಕೆ ಕೊಡ್ಬೇಕು, ಸರಿಯಾಗಿ ಹೇಳಿ" ಎಂದರು. ಸವಿತಾ ನನ್ನ ಕೈ ಹಿಸುಕಿದಳು — ಹೇಳು ಎಂದು. ಪಕ್ಕದಲ್ಲಿ ನೀವಿದ್ದಿರಿ.

"ಇಲ್ಲ ಡಾಕ್ಟ್ರೇ, ಏನೂ ಇಲ್ಲ."

ನನ್ನ ಮಾತು ನಂಬಿ ಡ್ರಿಪ್ ಏರಿಸಿದರು. ಅಷ್ಟು ನೀರು ತಾಳುವ ಹೃದಯವಲ್ಲ ಅದು, ಶ್ವಾಸಕೋಶ ತುಂಬಿಕೊಂಡಿತು. ಕವಾಟದ ದೋಷವನ್ನು ಅವರೇ ಕಂಡುಹಿಡಿದು, ಔಷಧಿ ಬದಲಿಸಿ, ಹೊಟ್ಟೆ ಕೊಯ್ದು ಮಗುವನ್ನು ತೆಗೆಯುವಷ್ಟರಲ್ಲಿ ತಡವಾಗಿತ್ತು. ಮಗಳು ಉಳಿದಳು. ಮಗು ನಾಲ್ಕು ದಿನ ಇತ್ತು. ಇನ್ನೊಂದು ಬಸಿರು ಬೇಡವೇ ಬೇಡ ಎಂದರು. "ನಿಮ್ಗೆ ಗೊತ್ತೇ ಇರ್ಲಿಲ್ವಾ?" ಎಂದು ಕೇಳಿದಾಗಲೂ ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಕಾಯಿಲೆ ಯಾರಿಗೂ ಗೊತ್ತಿರಲಿಲ್ಲ ಎಂದೇ ನಂಬಿದ ನೀವು, 'ತಡ್ಕೋ' ಎಂದ ಆ ಒಂದು ಮಾತನ್ನೇ ಎದೆಗೆ ಕಟ್ಟಿಕೊಂಡಿರಿ. ಬಸುರಿಯನ್ನು ಮಣೆಯಿಂದ ಏಳಗೊಡಲಿಲ್ಲ ಎಂದು ನಿಮ್ಮ ಬೀದಿಯ ಹೆಂಗಸರು ಆಡಿಕೊಂಡರು. ನನ್ನೆದುರಿಗೇ ಆಡಿಕೊಂಡರು. ನಾನು ಹೌದು ಎನ್ನಲಿಲ್ಲ, ಆದರೆ ಅಲ್ಲ ಎಂದೂ — ಸೆರಗಿನಲ್ಲಿ ಕಣ್ಣೊರೆಸಿಕೊಂಡು ಸುಮ್ಮನಾದೆ. ಅಂದಿನಿಂದ ಸೊಸೆಗೆ ಒಂದು ಕೊಡ ನೀರು ಎತ್ತಗೊಡಲಿಲ್ಲ ನೀವು. ಮೊನ್ನೆ ಮಂಡಿನೋವಿನಲ್ಲೇ ಮಹಡಿ ಹತ್ತಿ ಅವಳ ಬಟ್ಟೆ ಒಣಹಾಕಿ ಬಂದಿರಿ. ನಾನು ಬೇಡ ಎಂದದ್ದಕ್ಕೆ, "ಬುಡಿ ಬೀಗ್ರೇ, ನಾನು ಮಾಡಿದ್ದು ಇಷ್ಟಕ್ಕೆಲ್ಲ ತೀರೋದಾ" ಎಂದಿರಿ. ಎಂಥ ಅತ್ತೆ ಸಿಕ್ಕರು ಎಂದು ನೆಂಟರ ಮುಂದೆ ಕೊಚ್ಚಿಕೊಳ್ಳುತ್ತಿದ್ದವಳು ನಾನು. ಆವತ್ತು ನಾಚಿಕೆಯಾಯಿತು. ಸವಿತಾ ಈವರೆಗೆ ಬಾಯಿ ಬಿಡದಿರುವುದು ನನ್ನ ಮಾನ ಉಳಿಸಲಿಕ್ಕೆ. ಅವಳ ಮೇಲೆ ಕೋಪ ಬೇಡ ಎಂದು ಕೇಳುವ ಹಕ್ಕೂ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಕ್ಷಮಿಸಿ ಎಂದು ಬರೆಯುವುದಿಲ್ಲ. ನಾಳೆ ಬೆಳಗ್ಗೆ ಬರುತ್ತೇನೆ. ಒಳಗೆ ಕರೆಯಬೇಡಿ. ಬೀದಿಯಲ್ಲಿ ನಿಂತೇ ಹೇಳುತ್ತೇನೆ — ನಿಮ್ಮನ್ನು ಆಡಿಕೊಂಡವರೆಲ್ಲ ಕೇಳಲಿ.