ಮೂರನೇ ಸಾಲಿನ ಒಡಕು

ಕಳೆದ ಭಾನುವಾರ ಕುರುಗೋಡಿನಿಂದ ಒಂದು ಹಾರ್ಮೋನಿಯಂ ಬಳ್ಳಾರಿಯ ನನ್ನ ಬಾಡಿಗೆ ಕೋಣೆಗೆ ಬಂತು. ಸುತ್ತಿದ ಬಟ್ಟೆ ಬಿಚ್ಚಿ ತಿದಿ ಒತ್ತಿದೆ. ಸ್ವರಕ್ಕಿಂತ ಮೊದಲು ತೌಡಿನ ವಾಸನೆ ಹೊರಗೆ ಬಂತು. ಸಿರುಗುಪ್ಪದ ರೈಸ್ ಮಿಲ್ಲುಗಳ ಹಿಂದಿನ ಓಣಿಯಲ್ಲಿ ವರ್ಷಗಟ್ಟಲೆ ಉಸಿರಾಡಿದ ಪೇಟಿ ಅದು... ಬೆರಳೊತ್ತುವ ಸ್ವರದ ಮನೆಗಳ ಮೇಲೆ ಹಣೆಯ ಟಿಕಳಿ ಅಂಟಿಸಿ ಕಿತ್ತ ಗೋಂದಿನ ಗುರುತುಗಳು ಹಾಗೇ ಇದ್ದವು. ಬಲದಿಂದ ಎಡಕ್ಕೆ, ಒಂದೊಂದೇ ಮನೆ ಕೆಳಗಿಳಿದಂತೆ.

ಪೇಟಿ ಆ ಓಣಿಯಲ್ಲಿ ನಮ್ಮ ಎದುರು ಮನೆಯಲ್ಲಿದ್ದವರದು. ಅವರನ್ನು ಓಣಿಯವರೆಲ್ಲ ಅಕ್ಕೋರು ಎನ್ನುತ್ತಿದ್ದರು. ಮಕ್ಕಳಿಗೆ ಹಾಡು ಕಲಿಸುತ್ತಿದ್ದರು. ನಾನು ಪಿಯುಸಿಯಲ್ಲಿದ್ದ ವರ್ಷ, ಶ್ರಾವಣದಲ್ಲಿ, ಉಳಿದವರ ಪಾಠವನ್ನೆಲ್ಲ ನಿಲ್ಲಿಸಿ, ಆವರೆಗೆ ಒಂದು ಸ್ವರವನ್ನೂ ಹಾಡದ ನನ್ನನ್ನು ಕರೆದರು. ಯಾಕೆಂದು ಕೇಳಿದೆ.

"ನಿನ್ನ ಧ್ವನಿ ಏನ್ ಚಂದಿಲ್ಲಲೇ ಹುಡುಗಿ. ಹೇಳಿದ ಹೊತ್ತಿಗೆ ಬರ್ತಿ, ಅದಕ್ಕ."

ಅದು ನಿಜ. ಆಗಲೂ ನಾನು ಡೈರಿ ಬರೆಯುತ್ತಿದ್ದೆ. ತಪ್ಪಿದ ಸ್ವರಕ್ಕೊಂದು ಗೀಟು ಹಾಕುತ್ತಿದ್ದೆ. ಮೊದಲ ವಾರದ ಪುಟ ಮುಳ್ಳುಬೇಲಿಯಂತೆ ಕಾಣುತ್ತಿತ್ತು. ಅಕ್ಕೋರು ತಮ್ಮ ಹಣೆಯ ಟಿಕಳಿ ತೆಗೆದು ಒಂದು ಕರಿಮನೆಯ ಮೇಲೆ ಅಂಟಿಸಿ, "ಇದು ನಿನ್ನ ಸಾ. ಎಲ್ಲಿ ತಿರುಗಾಡಿದ್ರೂ ಇಲ್ಲಿಗೇ ಬರಬೇಕು" ಎಂದಿದ್ದರು. ಕೆಲವು ವಾರಗಳಲ್ಲಿ ಟಿಕಳಿ ಒಂದು ಮನೆ ಎಡಕ್ಕೆ ಸರಿಯಿತು. ಆಮೇಲೆ ಇನ್ನೊಂದು. ನನ್ನ ಗಂಟಲಿಗೆ ಹಗುರಾಗಲಿ ಎಂದು, ಅಂದರು. ಹಗುರಾಗಬೇಕಿದ್ದದ್ದು ಅವರ ಗಂಟಲಿಗೆ ಎಂದು ತಿಳಿಯಲು ನನಗೆ ಹೊತ್ತು ಹಿಡಿಯಿತು.

ಅವರ ಧ್ವನಿ ಗೊಗ್ಗರಾಗುತ್ತಿತ್ತು. ಮಿಲ್ಲಿನ ಧೂಳು ಎನ್ನುತ್ತಿದ್ದರು. ಕೊನೆಗೆ ಬಳ್ಳಾರಿಯ ಆಸ್ಪತ್ರೆಗೆ ಹೊರಟಾಗ ಜೊತೆಗೆ ನನ್ನನ್ನು ಕರೆದೊಯ್ದರು. ಡಾಕ್ಟರು ಕೊಳವೆ ಇಳಿಸಿ ನೋಡಿ, ಗಡ್ಡೆ ಬೆಳೆದಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತಡಮಾಡಬಾರದು ಎಂದರು.

"ಆಮ್ಯಾಲ ಹಾಡಾಕ ಬರ್ತೈತೇನ್ರಿ?"

ಡಾಕ್ಟರು ಚೀಟಿ ಬರೆಯತೊಡಗಿದರು.

ಬಸ್ಸಿನಲ್ಲಿ ಅಕ್ಕೋರು ಎಲ್ಲವನ್ನೂ ಹೇಳಿದರು. ಕುರುಗೋಡಿನ ಅವರ ತವರಿನಲ್ಲಿ ಹಿರಿಯರು ತೀರಿಕೊಂಡರೆ ದೇಹವನ್ನು ಕೂರಿಸಿ ಭಜನೆ ಮಾಡುತ್ತಾರೆ. ಮಗಳಾದವಳು ಎದುರು ಕೂತು ಮನೆತನದ ಒಂದು ತತ್ವಪದ ಹಾಡಬೇಕು. ಹಾಡುತ್ತೇನೆಂದು ಅಕ್ಕೋರು ಅವ್ವನಿಗೆ ಮಾತು ಕೊಟ್ಟಿದ್ದರು. ಅವ್ವ ಎಂಬತ್ತು ದಾಟಿದ್ದರೂ ತನ್ನ ಜೋಳ ತಾನೇ ಹಸನು ಮಾಡಿಕೊಳ್ಳುತ್ತಿದ್ದಳು.

"ಆಕಿ ಗಟ್ಟಿ ಅದಾಳ. ಆಕಿ ಹೋಗೂತನಾ ಈ ಗಂಟಲು ತಡಿಯಂಗಿಲ್ಲ. ಲಗೂನ ಹೋಗ್ಲಿ ಅಂತ ಬೇಡ್ಕೊಳ್ಳಾಕ ಆಗತೈತೇನು?" ನನ್ನ ಕಡೆ ತಿರುಗಿದರು. "ಗಂಟಲು ತೆಗೆದ ಮ್ಯಾಲ ಕಲಿಸಾಕೂ ಆಗಂಗಿಲ್ಲ. ನನ್ನ ಬದಲಿ ನೀ ಹಾಡು. ಆ ಪದ ನೀ ಒಬ್ಬಾಕಿನ ಹಾಡಿ, ಅವ್ವ ಹೂಂ ಅಂದ್ರ, ಮರುದಿನಾನ ದವಾಖಾನಿ ಸೇರ್ತೀನಿ."

ಅಂದಿನಿಂದ ಗೀಟುಗಳನ್ನು ನೋಡಲು ಹೆದರಿಕೆಯಾಗುತ್ತಿತ್ತು. ಅವಸರ ಮಾಡಿದಷ್ಟೂ ಉಸಿರು ಸಾಲುತ್ತಿರಲಿಲ್ಲ. ಮೂರನೇ ಸಾಲು ಉದ್ದ, ಮೇಲಕ್ಕೆ ಏರುವಂಥದು. ಅಲ್ಲಿ ನಾನು ಬೀಳುತ್ತೇನೆಂದು ಅಕ್ಕೋರು ಪ್ರತಿಸಲವೂ ಜೊತೆಗೆ ಹಾಡುತ್ತಿದ್ದರು. ನಡುವೆ ಒಂದು ಕಡೆ ಅವರ ಧ್ವನಿ ಹಸಿ ಕಡ್ಡಿಯಂತೆ ಸೀಳುತ್ತಿತ್ತು. ನಾನೂ ಅವರ ಹಿಂದೆಯೇ ಹೋಗುತ್ತಿದ್ದೆ. ಎರಡು ಧ್ವನಿ ಒಂದೇ ಆಗಿ ಕೇಳುತ್ತಿದ್ದರಿಂದ ಯಾರದು ಎಲ್ಲಿ ಮುಗಿಯಿತೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ...

ಭತ್ತದ ಕೊಯ್ಲಿನ ಹೊತ್ತಿಗೆ ಟಿಕಳಿ ನನ್ನ ಧ್ವನಿ ಇಳಿಯಬಲ್ಲ ಕೊನೆಯ ಮನೆಗೆ ಬಂದಿತ್ತು. ಒಂದು ಬೆಳಿಗ್ಗೆ ಒಂದೂ ಗೀಟಿಲ್ಲದ ಪುಟ ತೋರಿಸಿದೆ. ಅಕ್ಕೋರು ನಗಲಿಲ್ಲ. ಪೇಟಿಗೆ ಬಟ್ಟೆ ಸುತ್ತಿದರು.

ಕುರುಗೋಡಿನಲ್ಲಿ ಅವ್ವ ಕಟ್ಟೆಯ ಮೇಲೆ ಮೊರ ಹಿಡಿದು ಕೂತಿದ್ದಳು. ಬದಲಿಗೆ ಹಾಡುವವಳು ಇವಳು ಎಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇಷ್ಟು ತೆಳ್ಳಗದಾಳ. ಇಕಿ ಉಸುರು ನನ್ನ ಸಾವಿನತನಾ ಬರ್ತೈತೇನು?"

ಮೂವರೂ ನಕ್ಕೆವು. ಬದಲಿ ಯಾಕೆಂದು ಕೇಳಿದ್ದಕ್ಕೆ ಅಕ್ಕೋರು, ನೆಗಡಿ ಹೋಗುತ್ತಲೇ ಇಲ್ಲ ಎಂದರು. ಅವ್ವನಿಗೆ ಬೇರೇನೂ ಗೊತ್ತಿರಲಿಲ್ಲ.

ನಾನು ಮೊದಲ ಸಲ ಒಬ್ಬಳೇ ಹಾಡಿದೆ. ಅವ್ವನ ಕೈ ಮೊಣಕಾಲ ಮೇಲೆ ತಾಳ ಹಾಕುತ್ತಿತ್ತು. ಮೂರನೇ ಸಾಲಿನಲ್ಲಿ ನಿಂತಿತು.

"ಆ ಸಾಲು ಇನ್ನೊಮ್ಮಿ ಹಾಡು."

ಹಾಡಿದೆ. ಅದೇ ಜಾಗದಲ್ಲಿ ನನ್ನ ಧ್ವನಿ ಸೀಳಿತು. ಹಾಡು ಇರುವುದೇ ಹಾಗೆಂದು ನಾನು ತಿಳಿದಿದ್ದೆ. ಅದನ್ನು ಅಚ್ಚುಕಟ್ಟಾಗಿ, ಶ್ರದ್ಧೆಯಿಂದ ಕಲಿತಿದ್ದೆ.

ಅವ್ವ ನನ್ನನ್ನು ನೋಡಲಿಲ್ಲ. ಮಗಳ ಕಡೆ ತಿರುಗಿದಳು. "ನಾ ನಿನಗ ಅಲ್ಲಿ ಒಡಕು ಕಲಿಸಿದ್ದಿಲ್ಲ. ಗಂಟಲಿಗೆ ಏನಾಗೈತಿ?"

ಅಕ್ಕೋರು ಸೆರಗು ಸರಿಸಿದರು. ಅವ್ವ ಜೋಳದ ಹೊಟ್ಟು ಹತ್ತಿದ ಬೆರಳುಗಳಿಂದ ಕುತ್ತಿಗೆಯ ಗಂಟನ್ನು ಮುಟ್ಟಿ ನೋಡಿದಳು. ಬಹಳ ಹೊತ್ತು ಕೈ ತೆಗೆಯಲಿಲ್ಲ.

"ನಾ ಸತ್ತ ಮ್ಯಾಲ ನನ್ನ ಮುಂದ ಯಾರು ಹಾಡಿದ್ರೇನು? ಆಗ ನನಗ ಕೇಳ್ತೈತೇನು, ಹುಚ್ಚಿ? ಏಳು."

ಮರುದಿನವೇ ಆಸ್ಪತ್ರೆಗೆ ಹೋದರು. ಡಾಕ್ಟರು, ರೋಗ ಎದೆಗೆ ಇಳಿದಿದೆ, ಈಗ ಆಪರೇಷನ್ ಮಾಡಿ ಉಪಯೋಗವಿಲ್ಲ ಎಂದರು. ಅಕ್ಕೋರು ಆ ಸಂಕ್ರಾಂತಿ ನೋಡಲಿಲ್ಲ.

ಅವರನ್ನು ತವರಿನ ಪಡಸಾಲೆಯಲ್ಲೇ ಕೂರಿಸಿದ್ದರು. ಭಜನೆಯ ನಡುವೆ ಅವ್ವ ಕೈ ಮಾಡಿ ನನ್ನನ್ನು ಎದುರಿಗೆ ಕರೆದಳು. ಹಾಡಿದೆ. ಮೂರನೇ ಸಾಲು ಹತ್ತಿರವಾದಂತೆ ಧ್ವನಿ ಸೀಳದಿರಲೆಂದು ಹೊಟ್ಟೆ ಬಿಗಿಹಿಡಿದೆ. ಅವ್ವ ನನ್ನ ಕಿವಿಯ ಹತ್ತಿರ ಬಾಗಿದಳು.

"ಬಿಡು. ಒಡೀಲಿ."

ಅಕ್ಕೋರ ಹಾಡು ಯಾರ ಫೋನಿನಲ್ಲೂ ಇಲ್ಲ. ಗಂಟಲು ಸರಿಹೋದ ಮೇಲೆ ರೆಕಾರ್ಡ್ ಮಾಡೋಣ ಎನ್ನುತ್ತಿದ್ದರು... ಅವ್ವ ಇನ್ನೂ ಇದ್ದಾಳೆ. ಪೇಟಿ ಕಳಿಸಿದ ದಿನ ಫೋನು ಮಾಡಿ, "ಅದು ನಿನ್ನ ಕಡೆನ ಇರ್ಲಿ. ನನ್ನ ಕೂರಿಸಿದ ದಿನ ತರೂದು ಮರೀಬ್ಯಾಡ" ಎಂದಳು.

ಈ ವಾರ ದಿನಾಲೂ ಬೆಳಿಗ್ಗೆ ಕೂತಿದ್ದೇನೆ. ಬಲತುದಿಯ ಗುರುತಿನ ಮೇಲೆ, ಅಕ್ಕೋರು ಗಟ್ಟಿಯಾಗಿದ್ದಾಗ ಹಾಡುತ್ತಿದ್ದ ಮನೆಯ ಮೇಲೆ, ಹೊಸ ಟಿಕಳಿ ಅಂಟಿಸಿದ್ದೇನೆ. ಮೂರನೇ ಸಾಲು ಅಲ್ಲೂ ಒಡೆಯುತ್ತದೆ. ಅದಕ್ಕೆ ಗೀಟು ಹಾಕುವುದಿಲ್ಲ. ಆದರೆ ಕುರುಗೋಡಿನ ನಂಬರಿನಿಂದ ಫೋನು ಬಂದಾಗಲೆಲ್ಲ, ಎತ್ತುವ ಮೊದಲು, ನನ್ನ ಕೈ ನನ್ನ ಗಂಟಲನ್ನು ಮುಟ್ಟಿ ನೋಡುತ್ತದೆ.